ಕೆಸಿಯಿಂದ ಕೆಪಿಗೆ ಹೋಗುವಾಗ ಉತ್ತರ ನೂರು ಪಟ್ಟು ಬೇರೆಯಾಗುವುದೇಕೆ?

ಪ್ರಶ್ನೆ: ಶಹಾಪುರದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಶಹಾಪುರದವಳು. ಈಗ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯು ಮೊದಲ ವರ್ಷದ ವಿಜ್ಞಾನ ಓದುತ್ತಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತದ್ದರಿಂದ ರಾಸಾಯನಿಕ ಸಮತೋಲನದ ಈ ಅಧ್ಯಾಯವನ್ನು ಒಮ್ಮೆ ಕನ್ನಡದಲ್ಲಿಯೇ ಕೂತು ಅರ್ಥ ಮಾಡಿಕೊಳ್ಳಬೇಕೆಂಬ ಆಸೆಯಿಂದ ಇಲ್ಲಿ ಕೇಳುತ್ತಿದ್ದೇನೆ.

ಅಭ್ಯಾಸದ ಹಾಳೆಯಲ್ಲಿ ಬಂದ ಲೆಕ್ಕ ಇದು. ಡೈನೈಟ್ರೋಜನ್ ಟೆಟ್ರಾಕ್ಸೈಡ್ ಒಡೆದು ಎರಡು ನೈಟ್ರೋಜನ್ ಡೈಆಕ್ಸೈಡ್ ಆಗುವ ಸಮತೋಲನಕ್ಕೆ 298 ಕೆಲ್ವಿನ್‌ನಲ್ಲಿ ಕೆಸಿ (ಸಾರತೆಯಲ್ಲಿ, ಅಂದರೆ ಲೀಟರಿಗೆ ಎಷ್ಟು ಮೋಲ್ ಎಂಬುದರಲ್ಲಿ, ಬರೆದ ಸಮತೋಲನ ಸ್ಥಿರಾಂಕ) ಬೆಲೆ 4.63 × 10⁻³ ಎಂದು ಕೊಟ್ಟು, ಕೆಪಿ (ಅನಿಲಗಳ ಒತ್ತಡದಲ್ಲಿ ಬರೆದ ಸಮತೋಲನ ಸ್ಥಿರಾಂಕ) ಎಷ್ಟು ಎಂದು ಕೇಳಿದ್ದಾರೆ. ಕೆಪಿ = ಕೆಸಿ × (ಆರ್‌ಟಿ)^ಡೆಲ್ಟಾ ಎನ್ ಎಂಬ ಸೂತ್ರ ನನಗೆ ಗೊತ್ತಿದೆ. ಆರ್ ಎಂದರೆ ಅನಿಲ ಸ್ಥಿರಾಂಕ, ಟಿ ಎಂದರೆ ಕೆಲ್ವಿನ್ ತಾಪಮಾನ. ಡೆಲ್ಟಾ ಎನ್ ಎಂದರೆ ಎರಡು ಕಡೆಯ ಅನಿಲ ಮೋಲ್‌ಗಳ ವ್ಯತ್ಯಾಸ, ಇಲ್ಲಿ 2 − 1 = 1. ನಾನು ಆರ್ ಬೆಲೆಯನ್ನು 0.08314 ಎಂದು ತೆಗೆದುಕೊಂಡೆ, 0.115 ಬಂತು. ನನ್ನ ಕೋಣೆಯ ಗೆಳತಿ 0.0821 ಹಾಕಿದಳು, ಅವಳಿಗೆ 0.113 ಬಂತು. ಹಾಳೆಯ ಹಿಂದೆ ಅಚ್ಚಾದ ಉತ್ತರ ಮಾತ್ರ 11.5 ಎಂದಿದೆ. ಮೊದಲೆರಡರ ನಡುವಿನ ಸಣ್ಣ ವ್ಯತ್ಯಾಸವನ್ನು ದಶಾಂಶದ ಹೊಂದಾಣಿಕೆ ಎಂದು ಬಿಟ್ಟುಬಿಡಬಹುದೇನೋ, ಆದರೆ ಮೂರನೆಯದು ನೂರು ಪಟ್ಟು ದೊಡ್ಡದು. ರಾತ್ರಿ ಹನ್ನೊಂದರವರೆಗೆ ಮೂರು ಸಲ ಗುಣಿಸಿ ನೋಡಿದರೂ ನಮ್ಮ ಗುಣಾಕಾರದಲ್ಲಿ ತಪ್ಪು ಸಿಗಲಿಲ್ಲ.

ಇನ್ನೊಂದು ಸಂಶಯವೂ ಇದೆ. ಕ್ರಿಯೆಯಲ್ಲಿ ಘನವಸ್ತು ಇದ್ದಾಗ ಅದನ್ನು ಡೆಲ್ಟಾ ಎನ್ ಲೆಕ್ಕಕ್ಕೆ ಸೇರಿಸಬಾರದು ಎಂದು ತರಗತಿಯಲ್ಲಿ ಹೇಳಿದರು, ಕಾರಣ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ದಯವಿಟ್ಟು ಯಾರಾದರೂ ತಿಳಿಸಿಕೊಡಬೇಕು.

ಉತ್ತರ 1: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ತಂಗಿ, ನಿಮ್ಮ ಗುಣಾಕಾರ ಸರಿಯಿದೆ, ಗೆಳತಿಯದೂ ಸರಿಯಿದೆ. ಹಾಳೆಯಲ್ಲಿ ಅಚ್ಚಾದ 11.5 ಕೂಡ ಒಂದು ಅರ್ಥದಲ್ಲಿ ಸರಿಯಾದ ಸಂಖ್ಯೆಯೇ. ಅಚ್ಚು ಮಾಡಿದವರು ಅದರ ಮುಂದೆ ಮಾನವನ್ನು (ಯೂನಿಟ್) ಬರೆಯದೆ ಬಿಟ್ಟಿದ್ದಾರೆ, ನಿಮ್ಮ ನಿದ್ದೆ ಕೆಡಿಸಿದ್ದು ಅದು. ಸೂತ್ರ ಎಲ್ಲಿಂದ ಬಂತು ಎಂಬುದನ್ನು ಒಮ್ಮೆ ನೋಡಿಬಿಟ್ಟರೆ ಈ ಗೊಂದಲ ಮತ್ತೆ ಬರುವುದಿಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಆದರ್ಶ ಅನಿಲಕ್ಕೆ ಒತ್ತಡ × ಗಾತ್ರ = ಎನ್ × ಆರ್ × ಟಿ. ಗಾತ್ರವನ್ನು ಬಲಕ್ಕೆ ತಂದರೆ, ಎನ್ ಭಾಗಿಸು ಗಾತ್ರ ಎಂಬುದು ಆ ಅನಿಲದ ಮೋಲಾರ್ ಸಾರತೆ. ಆದ್ದರಿಂದ ಮಿಶ್ರಣದಲ್ಲಿರುವ ಪ್ರತಿಯೊಂದು ಅನಿಲದ ಆಂಶಿಕ ಒತ್ತಡ (ಒಟ್ಟು ಒತ್ತಡದಲ್ಲಿ ಆ ಅನಿಲದ ಪಾಲು) ಎಂದರೆ ಅದರ ಸಾರತೆ × ಆರ್‌ಟಿ, ಅಷ್ಟೇ. ನಿಮ್ಮ ಕ್ರಿಯೆಯಲ್ಲಿ ಕೆಪಿ ಎಂದರೆ ನೈಟ್ರೋಜನ್ ಡೈಆಕ್ಸೈಡಿನ ಆಂಶಿಕ ಒತ್ತಡದ ವರ್ಗವನ್ನು ಟೆಟ್ರಾಕ್ಸೈಡಿನ ಆಂಶಿಕ ಒತ್ತಡದಿಂದ ಭಾಗಿಸಿದ್ದು. ಒತ್ತಡವಿದ್ದ ಕಡೆಯಲ್ಲೆಲ್ಲ ಸಾರತೆ × ಆರ್‌ಟಿ ಎಂದು ಬರೆಯಿರಿ. ಮೇಲೆ ಆರ್‌ಟಿ ಎರಡು ಸಲ ಬರುತ್ತದೆ, ಕೆಳಗೆ ಒಂದು ಸಲ. ಒಂದು ಹೊಡೆದುಹೋಗಿ ಮೇಲೆ ಒಂದು ಉಳಿಯುತ್ತದೆ, ಉಳಿದ ಸಾರತೆಗಳ ಭಾಗವೇ ಕೆಸಿ. ಡೆಲ್ಟಾ ಎನ್ ಎಂಬುದು ಹೀಗೆ ಹೊಡೆದುಹೋದ ಮೇಲೆ ಉಳಿದ ಆರ್‌ಟಿಗಳ ಎಣಿಕೆ.

ಈಗ ಮಾನಗಳಿಗೆ ಬರೋಣ. ಅನಿಲ ಸ್ಥಿರಾಂಕ ಒಂದೇ, ಅದನ್ನು ಬರೆಯುವ ಬಗೆ ಹಲವು. ಸಾರತೆಯನ್ನು ಲೀಟರಿಗೆ ಮೋಲ್ ಎಂದು ತೆಗೆದುಕೊಂಡು 0.08314ರಿಂದ ಗುಣಿಸಿದರೆ ಒತ್ತಡ ಬಾರ್‌ನಲ್ಲಿ ಬರುತ್ತದೆ, 0.0821ರಿಂದ ಗುಣಿಸಿದರೆ ವಾತಾವರಣ (ಎಟಿಎಂ) ಎಂಬ ಮಾನದಲ್ಲಿ ಬರುತ್ತದೆ. ಅದೇ ಸಾರತೆಯನ್ನು 8.314ರಿಂದ ಗುಣಿಸಿದರೆ ಬರುವುದು ಲೀಟರಿಗೆ ಜೌಲ್, ಅಂದರೆ ಕಿಲೋಪಾಸ್ಕಲ್. ನಿಮ್ಮ ಹಾಳೆಯನ್ನು ಸಿದ್ಧಪಡಿಸಿದವರು 8.314 ಹಾಕಿರಬೇಕು: 4.63 × 10⁻³ × 8.314 × 298 = 11.47. ಅದು 11.47 ಕಿಲೋಪಾಸ್ಕಲ್. ಒಂದು ಬಾರ್ ಎಂದರೆ 100 ಕಿಲೋಪಾಸ್ಕಲ್ ಆದ್ದರಿಂದ ಅದೇ ಬೆಲೆ 0.1147 ಬಾರ್, ಇದು ನಿಮ್ಮ ಉತ್ತರ. ಒಂದು ವಾತಾವರಣ ಎಂದರೆ 1.01325 ಬಾರ್ ಆದ್ದರಿಂದ ಅದೇ ಬೆಲೆ 0.113 ವಾತಾವರಣ, ಇದು ನಿಮ್ಮ ಗೆಳತಿಯ ಉತ್ತರ. ನಿಮ್ಮಿಬ್ಬರ ನಡುವಿನ ಸಣ್ಣ ವ್ಯತ್ಯಾಸವೂ ದಶಾಂಶದ ಹೊಂದಾಣಿಕೆಯಲ್ಲ, ಅದು ಬಾರ್ ಮತ್ತು ವಾತಾವರಣಗಳ ನಡುವಿನ ವ್ಯತ್ಯಾಸ. ಮೂರು ಉತ್ತರಗಳೂ ಒಂದೇ ಒತ್ತಡವನ್ನು ಹೇಳುತ್ತಿವೆ.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಿಡಿಯುವಾಗ ಮಾಪಕದ ಮುಖವನ್ನು ಹತ್ತಿರದಿಂದ ನೋಡಿ. ಅನೇಕ ಮಾಪಕಗಳಲ್ಲಿ ಎರಡು ಸಾಲು ಅಂಕಿಗಳಿರುತ್ತವೆ. ಮುಳ್ಳು ಒಂದು ಸಾಲಿನಲ್ಲಿ 28 ಪೌಂಡ್ ತೋರಿಸುವಾಗ ಇನ್ನೊಂದು ಸಾಲಿನಲ್ಲಿ ಸುಮಾರು 2 ಕೆಜಿ ತೋರಿಸುತ್ತದೆ. ಮುಳ್ಳು ಒಂದೇ, ಟಯರಿನ ಗಾಳಿಯೂ ಒಂದೇ. ಯಾವ ಸಾಲು ಓದಿದಿರಿ ಎಂದು ಹೇಳದಿದ್ದರೆ ನಿಮ್ಮ ಸಂಖ್ಯೆಗೆ ಅರ್ಥವಿಲ್ಲ.

ಹಾಗಾದರೆ ಯಾವುದನ್ನು ಬೇಕಾದರೂ ಬರೆಯಬಹುದೇ ಎಂದು ನೀವು ಕೇಳಬಹುದು. ಇಲ್ಲ. ಮುಂದೆ ಇದೇ ಕೆಪಿಯಿಂದ ಪ್ರಮಾಣಿತ ಗಿಬ್ಸ್ ಶಕ್ತಿಯ ಬದಲಾವಣೆಯನ್ನು (ಕ್ರಿಯೆ ಯಾವ ಕಡೆಗೆ ವಾಲುತ್ತದೆ ಎಂದು ಇದರ ಚಿಹ್ನೆ ಹೇಳುತ್ತದೆ) ಕಂಡುಹಿಡಿಯಲು ಹೇಳುತ್ತಾರೆ, ಅಲ್ಲಿ ಸೂತ್ರ − ಆರ್‌ಟಿ × ಕೆಪಿಯ ಸ್ವಾಭಾವಿಕ ಲಾಗರಿದಮ್. ಲಾಗರಿದಮ್ ಒಳಗೆ ಹೋಗುವುದು ಮಾನವಿಲ್ಲದ ಸಂಖ್ಯೆಯಾಗಿರಬೇಕಾದ್ದರಿಂದ, ಪ್ರತಿಯೊಂದು ಆಂಶಿಕ ಒತ್ತಡವನ್ನೂ ಪ್ರಮಾಣಿತ ಒತ್ತಡದಿಂದ ಭಾಗಿಸಿಯೇ ಹಾಕಬೇಕು. ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ 1982ರಲ್ಲಿ ಈ ಪ್ರಮಾಣಿತ ಒತ್ತಡವನ್ನು 1 ಬಾರ್ ಎಂದು ಶಿಫಾರಸು ಮಾಡಿತು, ಅದಕ್ಕೂ ಮುಂಚೆ 1 ವಾತಾವರಣವೇ ರೂಢಿಯಲ್ಲಿತ್ತು. ಕೆಲವು ಪುಸ್ತಕಗಳು ಕೆಪಿಗೆ ಮಾನ ಬರೆಯುವುದು, ಕೆಲವು ಬರೆಯದಿರುವುದು ಇದೇ ಕಾರಣಕ್ಕೆ. ಬರೆಯದವರು ಈ ಭಾಗಾಕಾರವನ್ನು ಮನಸ್ಸಿನಲ್ಲಿಯೇ ಮಾಡಿರುತ್ತಾರೆ.

0.1147 ಹಾಕಿದರೆ ಗಿಬ್ಸ್ ಶಕ್ತಿಯ ಬದಲಾವಣೆ ಮೋಲಿಗೆ ಸುಮಾರು +5.4 ಕಿಲೋಜೌಲ್ ಬರುತ್ತದೆ. ಮಾನ ನೋಡದೆ 11.47 ಹಾಕಿದರೆ −6.0 ಕಿಲೋಜೌಲ್ ಬರುತ್ತದೆ. ಚಿಹ್ನೆಯೇ ತಿರುಗಿಬಿಟ್ಟಿತು. ಪ್ರಮಾಣಿತ ಸ್ಥಿತಿಯಲ್ಲಿ ಬಣ್ಣವಿಲ್ಲದ ಟೆಟ್ರಾಕ್ಸೈಡಿನ ಕಡೆಗೆ ವಾಲುವ ಕ್ರಿಯೆಯನ್ನು ನೀವು ಕಂದು ಬಣ್ಣದ ಡೈಆಕ್ಸೈಡಿನ ಕಡೆಗೆ ವಾಲುತ್ತದೆಂದು ಬರೆದುಬಿಡುತ್ತೀರಿ. ಹಾಳೆಯಲ್ಲಿ ಮಾನ ಬಿಟ್ಟುಹೋದದ್ದು ಸಣ್ಣ ಲೋಪವಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. ಗಮನಿಸಿ, ಗಿಬ್ಸ್ ಸೂತ್ರದಲ್ಲಿ ಲಾಗರಿದಮ್ ಹೊರಗಿರುವ ಆರ್ ಮಾತ್ರ 8.314 ಆಗಿಯೇ ಇರಬೇಕು, ಏಕೆಂದರೆ ಅಲ್ಲಿ ನಮಗೆ ಬೇಕಾದುದು ಜೌಲ್. ಒಂದೇ ಪ್ರಶ್ನೆಯಲ್ಲಿ ಒಂದೇ ಅಕ್ಷರಕ್ಕೆ ಎರಡು ಬೆಲೆ ಬರುತ್ತದೆ. ಮಕ್ಕಳು ಎಡವುವುದು ಅಲ್ಲಿಯೇ, ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿ ನಾನು ಕಂಡದ್ದು ಇದು.

ಉತ್ತರ 2: ಯಾದಗಿರಿಯ ಎಂಜಿನಿಯರಿಂಗ್ ವಿದ್ಯಾರ್ಥಿ

ಗುರುಗಳು ಹೇಳಿದ್ದು ಸರಿ. ಆದರೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಹೆಚ್ಚು ಸಮಯ ಸಿಗುವುದಿಲ್ಲ. ಸಿಇಟಿ ಬರೆಯುವಾಗ ನಾನು ಕೆಪಿ, ಕೆಸಿ ಲೆಕ್ಕಕ್ಕೆ ಯಾವಾಗಲೂ 0.0821, ಶಕ್ತಿಯ ಲೆಕ್ಕಕ್ಕೆ ಯಾವಾಗಲೂ 8.314 ಎಂದು ಕಣ್ಣುಮುಚ್ಚಿ ಇಟ್ಟುಕೊಂಡಿದ್ದೆ. ನೀವೂ ಹಾಗೆಯೇ ಮಾಡಿ, ಸಾಕಾಗುತ್ತದೆ.

ಉತ್ತರ 3: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ತಮ್ಮ, ನಿಮ್ಮ ನಿಯಮ ಹೆಚ್ಚಿನ ಪ್ರಶ್ನೆಗಳಲ್ಲಿ ಕೆಲಸ ಮಾಡುತ್ತದೆ, ಸಮಯದ ಒತ್ತಡವೂ ನನಗೆ ಅರ್ಥವಾಗುತ್ತದೆ. ಆದರೂ ಅದನ್ನು ನಾನು ಒಪ್ಪಲಾರೆ. ಪ್ರಶ್ನೆಯಲ್ಲಿ ಕೆಪಿಯನ್ನೇ ಪಾಸ್ಕಲ್‌ನಲ್ಲಿ ಕೊಟ್ಟು ಕೆಸಿ ಕೇಳಿದ ದಿನ ಏನು ಮಾಡುತ್ತೀರಿ? ಡೆಲ್ಟಾ ಎನ್ 1 ಇದ್ದಾಗ 8.314 ಮತ್ತು 0.08314ರ ನಡುವಿನ ತಪ್ಪು ನೂರು ಪಟ್ಟು. ಅಮೋನಿಯಾ ತಯಾರಿಕೆಯಂತೆ ಡೆಲ್ಟಾ ಎನ್ −2 ಇದ್ದಾಗ ಅದು ಹತ್ತು ಸಾವಿರ ಪಟ್ಟು. ಕೊಟ್ಟ ಮಾನವನ್ನು ನೋಡಿ ಆರ್ ಆರಿಸುವುದಕ್ಕೆ ಐದು ಸೆಕೆಂಡು ಸಾಕು.

ಇದರ ಜೊತೆಗೆ ಇನ್ನೊಂದು ಮಾತು. ಈ ಸೂತ್ರ ಒಂದೇ ತಾಪಮಾನದಲ್ಲಿ ಕೆಸಿಯಿಂದ ಕೆಪಿಗೆ ಹೋಗುವ ದಾರಿ. 298 ಕೆಲ್ವಿನ್‌ನ ಕೆಸಿ ಹಿಡಿದು ಆರ್‌ಟಿಯಲ್ಲಿ 400 ಕೆಲ್ವಿನ್ ಹಾಕಿ, 400 ಕೆಲ್ವಿನ್‌ನ ಕೆಪಿ ಸಿಕ್ಕಿತೆಂದು ಬರೆಯುವವರನ್ನು ಪ್ರತಿವರ್ಷ ನೋಡಿದ್ದೇನೆ. ತಾಪಮಾನ ಬದಲಾದರೆ ಸ್ಥಿರಾಂಕವೇ ಬದಲಾಗುತ್ತದೆ. ಅದಕ್ಕೆ ಕ್ರಿಯೆಯ ಉಷ್ಣ ಗೊತ್ತಿರಬೇಕು, ವಾಂಟ್ ಹಾಫ್ ಸಮೀಕರಣ ಬೇಕು. ಅದು ಬೇರೆಯ ಲೆಕ್ಕ.

ಉತ್ತರ 4: ಸುಣ್ಣದಕಲ್ಲು (ಸೇಡಂ ತಾಲ್ಲೂಕು)

ಘನವಸ್ತುವಿನ ಬಗ್ಗೆ ಕೇಳಿದ್ದೀರಿ. ನಾನು ನಮ್ಮ ಭಾಗದ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಈ ಪ್ರಶ್ನೆ ನನ್ನ ದಿನನಿತ್ಯದ ಕೆಲಸಕ್ಕೆ ಬಹಳ ಹತ್ತಿರದ್ದಾದ್ದರಿಂದ ಬರೆಯುತ್ತಿದ್ದೇನೆ.

ನೀವಿರುವ ಹಾಸ್ಟೆಲಿನ ನೆಲಕ್ಕೆ ಶಹಾಬಾದಿ ಕಲ್ಲು ಹಾಸಿದ್ದರೆ ಅದರ ಒಂದು ಮೂಲೆಯಲ್ಲಿ ನಿಂಬೆರಸದ ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಬಿಟ್ಟು ಒರೆಸಿ ನೋಡಿ. ನಯವಾಗಿದ್ದ ಕಡೆ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುತ್ತದೆ. ಅದು ಸುಣ್ಣದಕಲ್ಲು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. (ವಾರ್ಡನ್ ಅವರ ಅನುಮತಿ ಕೇಳಿಯೇ ಮಾಡಿ, ಕಲೆ ಹೋಗುವುದಿಲ್ಲ.) ಇದೇ ಜಾತಿಯ ಕಲ್ಲನ್ನು ನಮ್ಮಲ್ಲಿ ಪುಡಿಮಾಡಿ ಸುಡುತ್ತೇವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಮೂರರಲ್ಲಿ ಎರಡು ಘನ, ಒಂದೇ ಒಂದು ಅನಿಲ.

ಈಗ ಘನವಸ್ತುವಿನ ಸಾರತೆ ಎಂದರೇನು ಎಂದು ಯೋಚಿಸಿ. ಒಂದು ಲೀಟರ್ ಶುದ್ಧ ಘನದಲ್ಲಿ ಎಷ್ಟು ಮೋಲ್ ಇದೆ ಎಂಬುದು ಅದರ ಸಾಂದ್ರತೆಯಿಂದಲೇ ನಿರ್ಧಾರವಾಗಿಬಿಡುತ್ತದೆ. ಹತ್ತು ಗ್ರಾಂ ಇದ್ದರೂ ಅದೇ, ಹತ್ತು ಟನ್ ಇದ್ದರೂ ಅದೇ. ಕ್ರಿಯೆ ಮುಂದುವರಿದಂತೆ ಘನದ ಪ್ರಮಾಣ ಕಡಿಮೆಯಾಗುತ್ತದೆ, ಸಾರತೆ ಮಾತ್ರ ಬದಲಾಗುವುದಿಲ್ಲ. ಬದಲಾಗದ ಬೆಲೆಯನ್ನು ಸ್ಥಿರಾಂಕದೊಳಗೇ ಸೇರಿಸಿಬಿಡುತ್ತಾರೆ. ಆರ್‌ಟಿ ಬರುವುದು ಒತ್ತಡವನ್ನು ಸಾರತೆಯಾಗಿ ಬದಲಿಸುವಾಗ ಮಾತ್ರ ಎಂದು ಗುರುಗಳು ಮೇಲೆ ತೋರಿಸಿದ್ದಾರೆ. ಆ ಒಡೆಯುವಿಕೆಯಲ್ಲಿ ಘನಕ್ಕೆ ಆಂಶಿಕ ಒತ್ತಡದ ಪದವೇ ಇಲ್ಲವಾದ್ದರಿಂದ ಅದರ ಹೆಸರಿನಲ್ಲಿ ಆರ್‌ಟಿ ಬರುವ ಸಂದರ್ಭವೇ ಇಲ್ಲ. ಇಲ್ಲಿ ಡೆಲ್ಟಾ ಎನ್ 1, ಕೆಪಿ ಎಂದರೆ ಕಾರ್ಬನ್ ಡೈಆಕ್ಸೈಡಿನ ಒತ್ತಡವೇ.

ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಈ ಒತ್ತಡ ಸುಮಾರು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 1 ವಾತಾವರಣ ಮುಟ್ಟುತ್ತದೆ. ಟಿ 1173 ಕೆಲ್ವಿನ್, ಆರ್‌ಟಿ 96.3, ಹಾಗಾಗಿ ಕೆಸಿ ಲೀಟರಿಗೆ ಸುಮಾರು 0.0104 ಮೋಲ್. ಕುಲುಮೆಯ ಅನಿಲವನ್ನು ಹೊರಗೆ ಎಳೆಯುತ್ತಲೇ ಇದ್ದರೆ ಕಾರ್ಬನ್ ಡೈಆಕ್ಸೈಡಿನ ಆಂಶಿಕ ಒತ್ತಡ ಆ ಬೆಲೆಗಿಂತ ಕೆಳಗೆ ಉಳಿಯುತ್ತದೆ, ಸಮತೋಲನ ಕೂಡುವುದಿಲ್ಲ, ಕಲ್ಲು ಸುಡುತ್ತಲೇ ಹೋಗುತ್ತದೆ. ಎಳೆತ ಕಡಿಮೆಯಾದ ದಿನ ಸುಣ್ಣ ಅರೆಬೆಂದು ಬರುತ್ತದೆ ಎಂದು ಹಿರಿಯ ಕೆಲಸಗಾರರು ಹೇಳುವುದನ್ನು ಕೇಳಿದ್ದೇನೆ. ಅವರು ಕೆಪಿ ಎಂಬ ಪದ ಬಳಸುವುದಿಲ್ಲ, ಆದರೆ ಹೇಳುವ ಸಂಗತಿ ಇದೇ.

ಉತ್ತರ 5: ಬೀದರಿನ ಶಿಕ್ಷಕಿ

ಮೇಲಿನ ಉತ್ತರಗಳಿಗೆ ಎರಡು ಉದಾಹರಣೆ ಸೇರಿಸುತ್ತೇನೆ, ಏಕೆಂದರೆ ಇದುವರೆಗಿನ ಎರಡೂ ಲೆಕ್ಕಗಳಲ್ಲಿ ಡೆಲ್ಟಾ ಎನ್ 1 ಆಗಿದೆ. ಅಷ್ಟನ್ನೇ ನೋಡಿದವರಿಗೆ ಘಾತದ ಮಹತ್ವ ಕಾಣುವುದಿಲ್ಲ.

ನಮ್ಮ ಊರಿನ ಬಿದ್ರಿ ಕೆಲಸದವರ ಅಂಗಡಿಯಲ್ಲಿ ನವಸಾಗರ ಸಿಗುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕಪ್ಪು ಬಣ್ಣ ತರಲು ಅದನ್ನು ಕೋಟೆಯ ಮಣ್ಣಿನೊಡನೆ ಕಲಸಿ ಹಚ್ಚುತ್ತಾರೆ. ಆ ಕಪ್ಪಾಗುವಿಕೆ ಬೇರೆಯೇ ಕ್ರಿಯೆ, ಅದನ್ನು ಇಲ್ಲಿಗೆ ತರುವುದಿಲ್ಲ. ನಾನು ಹೇಳಹೊರಟದ್ದು ಆ ಬಿಳಿ ಪುಡಿಯ ಬಗ್ಗೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಅದನ್ನು ಒಣ ಪ್ರನಾಳದಲ್ಲಿ ಕಾಯಿಸಿದರೆ ತಳದಲ್ಲಿದ್ದ ಪುಡಿ ಮಾಯವಾಗಿ ಪ್ರನಾಳದ ಮೇಲಿನ ತಣ್ಣನೆಯ ಗೋಡೆಗೆ ಬಿಳಿಯ ಹೊದಿಕೆಯಾಗಿ ಮತ್ತೆ ಕೂರುತ್ತದೆ. ಕಾದಾಗ ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆದು, ತಣಿದಾಗ ಮತ್ತೆ ಕೂಡಿಕೊಂಡಿರುತ್ತದೆ. ನನ್ನ ತರಗತಿಯ ಮಕ್ಕಳಿಗೆ ಸಮತೋಲನ ಎಂಬ ಪದ ಹೇಳುವ ಮುಂಚೆ ನಾನು ಇದನ್ನೇ ತೋರಿಸುತ್ತೇನೆ.

ಸುಮಾರು 340 ಡಿಗ್ರಿ ಸೆಲ್ಸಿಯಸ್, ಅಂದರೆ 613 ಕೆಲ್ವಿನ್ ಹತ್ತಿರ ಈ ಎರಡು ಅನಿಲಗಳ ಒಟ್ಟು ಒತ್ತಡ 1 ವಾತಾವರಣ ಆಗುತ್ತದೆ. ಎರಡೂ ಸಮ ಪ್ರಮಾಣದಲ್ಲಿ ಹುಟ್ಟುವುದರಿಂದ ಒಂದೊಂದರ ಆಂಶಿಕ ಒತ್ತಡ 0.5. ಕೆಪಿ = 0.5 × 0.5 = 0.25. ಡೆಲ್ಟಾ ಎನ್ ಇಲ್ಲಿ 2, ಏಕೆಂದರೆ ಎಡಗಡೆಯ ಘನ ಎಣಿಕೆಗಿಲ್ಲ. ಆರ್‌ಟಿ 50.3, ಅದರ ವರ್ಗ ಸುಮಾರು 2533. ಕೆಸಿ = 0.25 ಭಾಗಿಸು 2533 = 9.87 × 10⁻⁵. ಈ ಉತ್ತರ ಸರಿಯೋ ಎಂದು ಸೂತ್ರವನ್ನು ಮುಟ್ಟದೆಯೇ ಪರೀಕ್ಷಿಸಬಹುದು: 0.5 ಅನ್ನು 50.33ರಿಂದ ಭಾಗಿಸಿದರೆ ಒಂದು ಅನಿಲದ ಸಾರತೆ 0.00993 ಬರುತ್ತದೆ, ಅದರ ವರ್ಗ ಮತ್ತೆ 9.87 × 10⁻⁵. ಸೂತ್ರದ ಮೇಲೆ ಸಂಶಯ ಬಂದಾಗಲೆಲ್ಲ ಹೀಗೆ ಮಾಡಿ ನೋಡಿ.

ಎರಡನೆಯದು ಅಮೋನಿಯಾ ತಯಾರಿಕೆ. ಒಂದು ನೈಟ್ರೋಜನ್ ಮತ್ತು ಮೂರು ಹೈಡ್ರೋಜನ್ ಸೇರಿ ಎರಡು ಅಮೋನಿಯಾ. 400 ಡಿಗ್ರಿ ಸೆಲ್ಸಿಯಸಿಗೆ ಪಠ್ಯಗಳಲ್ಲಿ ಸಾಮಾನ್ಯವಾಗಿ ಕೊಡುವ ಕೆಸಿ 0.5. ಟಿ ಜಾಗದಲ್ಲಿ 400 ಎಂದೇ ಹಾಕಿದವರಿಗೆ ಉತ್ತರ ಸುಮಾರು 2.8 ಪಟ್ಟು ದೊಡ್ಡದಾಗಿ ಬರುತ್ತದೆ, 673 ಹಾಕಬೇಕು. ಆರ್‌ಟಿ 55.25, ಡೆಲ್ಟಾ ಎನ್ −2, ಆದ್ದರಿಂದ ಕೆಪಿ 1.64 × 10⁻⁴. ಈಗ ಅದೇ ಸಮೀಕರಣವನ್ನು ಅರ್ಧ ಮಾಡಿ, ಒಂದು ಅಮೋನಿಯಾ ಬರುವಂತೆ ಬರೆಯಿರಿ. ಕೆಸಿ ಈಗ 0.5ರ ವರ್ಗಮೂಲ, 0.707. ಡೆಲ್ಟಾ ಎನ್ −1. ಕೆಪಿ 0.0128. ಇದರ ವರ್ಗ ಮಾಡಿದರೆ ಹಿಂದಿನ 1.64 × 10⁻⁴ ಮರಳಿ ಬರುತ್ತದೆ. ಸಮೀಕರಣ ಹೇಗೆ ಬರೆದಿದ್ದೀರಿ ಎಂದು ಹೇಳದೆ ಅಮೋನಿಯಾದ ಕೆಪಿ ಇಷ್ಟು ಎನ್ನುವುದು, ಮಾನ ಹೇಳದೆ 11.5 ಎನ್ನುವಷ್ಟೇ ಅಪೂರ್ಣ.

ಮತ್ತೆ: ಶಹಾಪುರದ ವಿದ್ಯಾರ್ಥಿನಿ

ಗುರುಗಳಿಗೂ ಮೇಡಂ ಅವರಿಗೂ ಅಣ್ಣಂದಿರಿಬ್ಬರಿಗೂ ನಮಸ್ಕಾರ. ಹಾಳೆಯ ಉತ್ತರದ ಮುಂದೆ ನಾನೂ ಗೆಳತಿಯೂ ಕಿಲೋಪಾಸ್ಕಲ್ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇವೆ. ಹೈಡ್ರೋಜನ್ ಮತ್ತು ಅಯೋಡಿನ್ ಸೇರಿ ಹೈಡ್ರೋಜನ್ ಅಯೋಡೈಡ್ ಆಗುವ ಲೆಕ್ಕದಲ್ಲಿ ಕೆಪಿಯೂ ಕೆಸಿಯೂ ಒಂದೇ ಆಗಿರುವುದು ಏಕೆಂದು ಈಗ ನಾವೇ ಕಂಡುಕೊಂಡೆವು: ಎರಡೂ ಕಡೆ ಎರಡೆರಡು ಮೋಲ್ ಅನಿಲ ಇರುವುದರಿಂದ ಆರ್‌ಟಿ ಪೂರ್ತಿ ಹೊಡೆದುಹೋಗುತ್ತದೆ, ಅಲ್ಲಿ ಯಾವ ಮಾನ ಬಳಸಿದರೂ ಉತ್ತರ ಬದಲಾಗುವುದಿಲ್ಲ.

ಕೊನೆಯದಾಗಿ ಒಂದು ಕೇಳಲೇ? ಅದೇ ಹಾಳೆಯಲ್ಲಿ ಕೆಎಕ್ಸ್ ಎಂಬ ಮೂರನೆಯ ಸ್ಥಿರಾಂಕವೂ ಬಂದಿದೆ. ಅದು ಒತ್ತಡದ ಜೊತೆ ಬದಲಾಗುತ್ತದೆ ಎಂದು ಬರೆದಿದ್ದಾರೆ. ಬದಲಾಗುವುದನ್ನು ಸ್ಥಿರಾಂಕ ಎಂದು ಹೇಗೆ ಕರೆಯುತ್ತಾರೆ?

ಉತ್ತರ 6: ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ಒಳ್ಳೆಯ ಪ್ರಶ್ನೆ, ತಂಗಿ. ಕೆಎಕ್ಸ್‌ನಲ್ಲಿ ಒತ್ತಡದ ಬದಲು ಮೋಲ್ ಭಿನ್ನಾಂಕ (ಒಟ್ಟು ಮೋಲ್‌ಗಳಲ್ಲಿ ಆ ಅನಿಲದ ಪಾಲು) ಹಾಕುತ್ತಾರೆ. ಆಂಶಿಕ ಒತ್ತಡ ಎಂದರೆ ಮೋಲ್ ಭಿನ್ನಾಂಕ × ಒಟ್ಟು ಒತ್ತಡ. ಮೊದಲು ಆರ್‌ಟಿಯನ್ನು ಎಣಿಸಿದಂತೆಯೇ ಇಲ್ಲಿ ಒಟ್ಟು ಒತ್ತಡವನ್ನು ಎಣಿಸಿದರೆ ಕೆಪಿ = ಕೆಎಕ್ಸ್ × (ಒಟ್ಟು ಒತ್ತಡ)^ಡೆಲ್ಟಾ ಎನ್ ಎಂದು ಸಿಗುತ್ತದೆ. ತಾಪಮಾನ ಒಂದೇ ಇರುವವರೆಗೆ ಕೆಪಿ ಕದಲುವುದಿಲ್ಲ, ಆದ್ದರಿಂದ ಡೆಲ್ಟಾ ಎನ್ ಸೊನ್ನೆಯಲ್ಲದಿದ್ದರೆ ಒಟ್ಟು ಒತ್ತಡ ಏರಿದಾಗ ಕೆಎಕ್ಸ್ ಕದಲಲೇಬೇಕು. ತಾಪಮಾನ ಮತ್ತು ಒಟ್ಟು ಒತ್ತಡ ಎರಡನ್ನೂ ಹಿಡಿದಿಟ್ಟಾಗ ಮಾತ್ರ ಅಲ್ಲಿ ಅದು ಸ್ಥಿರ. ಹೆಸರು ಅಷ್ಟು ಸರಿಯಿಲ್ಲ ಎಂಬ ನಿಮ್ಮ ಅನುಮಾನವನ್ನು ನಾನು ಒಪ್ಪುತ್ತೇನೆ.

ನಿಮ್ಮದೇ ಲೆಕ್ಕದಲ್ಲಿ ನೋಡಿ. ಒಟ್ಟು ಒತ್ತಡ 1 ಬಾರ್ ಇದ್ದಾಗ ಕೆಎಕ್ಸ್ 0.1147. ವರ್ಗ ಸಮೀಕರಣ ಬಿಡಿಸಿದರೆ ಕಂದು ಅನಿಲದ ಮೋಲ್ ಭಿನ್ನಾಂಕ 0.286 ಬರುತ್ತದೆ. ಅದೇ 298 ಕೆಲ್ವಿನ್‌ನಲ್ಲಿ ಒತ್ತಡವನ್ನು 2 ಬಾರ್ ಮಾಡಿದರೆ ಕೆಎಕ್ಸ್ ಅರ್ಧಕ್ಕಿಳಿದು 0.0574 ಆಗುತ್ತದೆ, ಕಂದು ಅನಿಲದ ಪಾಲು 0.213ಕ್ಕೆ ಇಳಿಯುತ್ತದೆ. ಒತ್ತಡ ಹೆಚ್ಚಿಸಿದರೆ ಸಮತೋಲನ ಕಡಿಮೆ ಮೋಲ್‌ಗಳಿರುವ ಕಡೆಗೆ ಸರಿಯುತ್ತದೆ ಎಂದು ಲೆ ಶಾಟೆಲಿಯೆ ಹೆಸರಿನಲ್ಲಿ ಬಾಯಿಪಾಠ ಮಾಡಿಸುತ್ತಾರಲ್ಲ, ಅದು ಎಷ್ಟು ಸರಿಯುತ್ತದೆ ಎಂಬುದನ್ನು ಅಂಕಿಯಲ್ಲಿ ಹೇಳುವುದು ಈ ಕೆಎಕ್ಸ್. ನೀವಿಬ್ಬರೂ 4 ಬಾರ್‌ಗೆ ಇದೇ ಲೆಕ್ಕ ಮಾಡಿ ಇಲ್ಲಿ ಹಾಕಿ, ನಾನು ನೋಡುತ್ತೇನೆ. ಮಾನ ಬರೆಯಬೇಕಾದ ಕಡೆ ಮಾತ್ರ ಬರೆಯಿರಿ, ಮೋಲ್ ಭಿನ್ನಾಂಕಕ್ಕೆ ಮಾನವಿಲ್ಲ.